ಮಹದೇವಮ್ಮನ ಆರೈಕೆ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪ ಸ್ನಾನ ಮಾಡುವುದೆಂದರೆ, ಹೆಂಡತಿ ಮಹದೇವಮ್ಮ ಸ್ನಾನ ಮಾಡಿಸುವುದೆಂದೇ ಅರ್ಥ. ಹೃದಯದ ರಕ್ತ ಪಂಪು ಮಾಡುವ ಶಕ್ತಿ ಕುಗ್ಗಿದೆಯೆಂದು ಆಸ್ಪತ್ರೆಯಲ್ಲಿ ಹೇಳಿ ಎಂಟು ತಿಂಗಳಾಗಿತ್ತು. ಅಂದಿನಿಂದ ಆಕೆ ಗಂಡನನ್ನು ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಬಿಟ್ಟಿರಲಿಲ್ಲ. ಅಂಗಡಿಗೆ ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಕಂಡವರೆಲ್ಲ ಆಕೆಯ ಸೇವೆಯನ್ನು ಹೊಗಳುತ್ತಿದ್ದರು.

ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿದ ಷಡಕ್ಷರಪ್ಪನವರಿಗೆ ಮಣೆಯಿಂದ ಏಳಲಾಗಲಿಲ್ಲ. ಪಕ್ಕದ ಮನೆಯ ಇಬ್ಬರು ಬಂದು ಎತ್ತಿ ನಿಲ್ಲಿಸಬೇಕಾಯಿತು.

"ಕೊಬ್ಬರಿ ಚೀಲ ಎತ್ತಿದೋನು ಕಣೇ ನಾನು. ಇವತ್ತು ನನ್ನೇ ಚೀಲದ ಥರ ಎತ್ತಿದ್ರು," ಎಂದು ಅವರು ಗೋಡೆಗೆ ಮುಖ ಮಾಡಿ ಮಲಗಿದರು.

ಕಾಯಿಲೆ ಏರಿತೆಂದೇ ಹೆದರಿ ಮಹದೇವಮ್ಮ ಗಂಡನನ್ನು ಆಸ್ಪತ್ರೆಗೆ ಕರೆದೊಯ್ದರು. ಹೃದಯದ ಸ್ಥಿತಿ ಹದಗೆಟ್ಟಿರಲಿಲ್ಲ. ವ್ಯಾಯಾಮ ಹೇಳಿಕೊಡುವ ಉಷಾರಾಣಿ ಷಡಕ್ಷರಪ್ಪನವರ ತೊಡೆ ಮುಟ್ಟಿ ನೋಡಿದರು.

"ಅಮ್ಮ, ಸೋತಿರೋದು ಕಾಲು. ವಯಸ್ಸಾದ ಹಾಗೆ ಮಾಂಸಖಂಡ ಕರಗುತ್ತೆ, ಈ ಕಾಯಿಲೇಲಿ ಇನ್ನೂ ಬೇಗ. ಕೂರಿಸೇ ಇಟ್ರೆ ಇರೋದೂ ಹೋಗುತ್ತೆ."

"ಹಾರ್ಟ್ ವೀಕು, ಸುಸ್ತು ಮಾಡ್ಕೋಬಾರದು ಅಂದಿದ್ದು ನಿಮ್ಮ ಆಸ್ಪತ್ರೆಯೋರೇ ಅಲ್ವಾ ತಾಯಿ? ಏನಾದ್ರೂ ಆದ್ರೆ ನಾನು ಯಾರನ್ನ ಕೇಳ್ಲಿ?" ಎಂದರು ಮಹದೇವಮ್ಮ.

"ನಿಮ್ಮ ಭಯ ತಪ್ಪಲ್ಲ. ಅದಕ್ಕೇ ಡಾಕ್ಟ್ರನ್ನ ಕೇಳ್ಕೊಂಡೇ ಹೇಳ್ತಿದೀನಿ. ಕುರ್ಚಿಯಿಂದ ಐದು ಸಲ ಎದ್ದು ಕೂರಲಿ. ಮಾತಾಡ್ಕೊಂಡು ನಡೆಯೋ ಅಷ್ಟು ನಡೀಲಿ. ಎದೆ ನೋವು, ತಲೆ ಸುತ್ತು ಬಂದ್ರೆ ನಿಲ್ಲಿಸಿ. ಆದ್ರೆ ನೀವು ಹಿಡಿದು ಎಬ್ಬಿಸಬೇಡಿ."

ಮೊದಲ ದಿನ ಎರಡನೇ ಸಲಕ್ಕೇ ಷಡಕ್ಷರಪ್ಪನವರ ಮೊಣಕಾಲು ನಡುಗಿತು. ಮಹದೇವಮ್ಮ ಓಡಿಹೋಗಿ ಹಿಡಿದರು. ಮರುದಿನವೂ ಹಿಡಿದರು. "ಬಿಡೇ ಸಾಕು, ಬಿದ್ರೆ ಕುರ್ಚಿ ಮೇಲೇ ತಾನೆ ಬೀಳೋದು!" ಎಂದು ಗಂಡ ರೇಗಿದ ಮೇಲೆ ಅಡುಗೆಮನೆಗೆ ಹೋಗಿ, ಅಲ್ಲಿಂದಲೇ ಎಣಿಸತೊಡಗಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಎಣಿಕೆ ಹತ್ತು ದಾಟಿತು.

ಒಂದು ಸಂಜೆ ಆಕೆ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು.

"ಒಂದು ಲೋಟ ನೀರು ಕೊಡೇ," ಎಂದರು ಷಡಕ್ಷರಪ್ಪ, ಅಭ್ಯಾಸಬಲದಿಂದ.

ಅರ್ಧ ಎದ್ದ ಮಹದೇವಮ್ಮ ಮತ್ತೆ ಕುಳಿತರು. "ನೀವೇ ತಗೊಳ್ರೀ. ಬರ್ತಾ ನಂಗೂ ಒಂದು ಲೋಟ ತನ್ನಿ."

ಹೆಜ್ಜೆಯ ಸದ್ದು ನಿಧಾನವಾಗಿ ಒಳಗೆ ಸರಿಯಿತು. ಬಿಂದಿಗೆಯ ಮುಚ್ಚಳ ಸದ್ದಾಯಿತು. ಏಳಬಾರದೆಂದು ಆಕೆ ಮೊರವನ್ನು ಬಿಗಿಯಾಗಿ ಹಿಡಿದು ಕುಳಿತರು. ಷಡಕ್ಷರಪ್ಪ ಬಂದರು, ಪಂಚೆಯ ಮೇಲೆಲ್ಲ ನೀರು ಚೆಲ್ಲಿತ್ತು.

ನಲವತ್ತೊಂದು ವರ್ಷದ ಸಂಸಾರದಲ್ಲಿ ಗಂಡ ತಂದುಕೊಟ್ಟ ಮೊದಲ ಲೋಟ ಅದು. ಅದರಲ್ಲಿ ಉಳಿದಿದ್ದ ನೀರನ್ನು ಮಹದೇವಮ್ಮ ಒಂದು ಹನಿಯೂ ಬಿಡದೆ ಕುಡಿದರು.