ಏಳದ ಹೆಣಗಳು

ಚರಂಡಿಗೆ ತೋಡುತ್ತಿದ್ದ ಗುಂಡಿ ಕುಸಿದಾಗ ಮಣ್ಣಿನಿಂದ ಮೊದಲು ಸಿಕ್ಕಿದ್ದು ಚಿಕ್ಕಬೈರಪ್ಪನ ಗುದ್ದಲಿ, ಆಮೇಲೆ ಅವನ ಕೈ. ಜಯನಗರದಲ್ಲಿ ಆಗ ಮನೆಗಳಿಗಿಂತ ಗುಂಡಿಗಳೇ ಹೆಚ್ಚು. ಎಂಟಡಿ ಆಳಕ್ಕೆ ಹಲಗೆಯ ಆಸರೆ ಕೊಡಬೇಕಿತ್ತು. ಹಲಗೆಗಳೆಲ್ಲ ಕಂಟ್ರಾಕ್ಟರ್ ಗಂಗಾಧರಯ್ಯನವರ ಸ್ವಂತ ಮನೆಯ ತಾರಸಿಗೆ ಹೋಗಿದ್ದವು.

"ಅವನು ನನ್ನ ಆಳೇ ಅಲ್ಲ," ಎಂದರು ಗಂಗಾಧರಯ್ಯ. "ಸುಮ್ನೆ ಗುಂಡಿಗೆ ಇಳಿದಿದ್ದ."

ಗುದ್ದಲಿ ಹಿಡಿದು ಎಂಟಡಿ ಗುಂಡಿಗೆ ಸುಮ್ಮನೆ ಇಳಿಯುವ ಹವ್ಯಾಸ ಸಿದ್ದಾಪುರದ ಕೂಲಿಯವರಿಗೆ ಇರುವುದು ಅದುವರೆಗೆ ಯಾರಿಗೂ ತಿಳಿದಿರಲಿಲ್ಲ.

ಚಿಕ್ಕಬೈರಪ್ಪನ ಹೆಂಡತಿ ಮುನಿವೆಂಕಟಮ್ಮ ಪರಿಹಾರ ಕೇಳಲು ಸರ್ಕಾರಿ ಕಚೇರಿಗೆ ಹೋದಳು. "ಕಂಟ್ರಾಕ್ಟರ್ ಕೆಲಸದಲ್ಲೇ ಸತ್ತ ಅಂತ ಸಾಕ್ಷಿ ತಾಮ್ಮ," ಎಂದ ಗುಮಾಸ್ತ. "ಕೂಲಿಗಳ ಮಾತು ನಡೆಯಲ್ಲ. ದೊಡ್ಡೋರು ಯಾರಾದ್ರೂ ಹೇಳ್ಬೇಕು." ಜೊತೆಯ ನಲವತ್ತು ಆಳುಗಳು ಕೆಲಸ ನಿಲ್ಲಿಸಿದರು. ಐದನೆಯ ದಿನ ಹಸಿವು ಅವರನ್ನು ವಾಪಸು ಕರೆತಂದಿತು. ಗಂಗಾಧರಯ್ಯ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು.

ಮುಂದಿನ ತಿಂಗಳು ರಾಜ್ಯೋತ್ಸವ. ಬಡಾವಣೆಯ ಗೆಳೆಯರ ಸಂಘ ರೋಮಿನ ಗುಲಾಮರ ದಂಗೆಯ ನಾಟಕ ಹಿಡಿದಿತ್ತು. ಬರೆದವರು, ಆಡಿಸುವವರು, ಗುಲಾಮರ ನಾಯಕ, ಈ ಮೂರೂ ಆಗಿದ್ದವರು ಬ್ಯಾಂಕಿನ ರಾಮಪ್ರಸಾದರೇ. ಕೊನೆಯ ಯುದ್ಧಕ್ಕೆ ಹೆಣಗಳು ಬೇಕಿದ್ದವು. ಬಡಾವಣೆಯಲ್ಲಿ ಸೇನಾಪತಿಯಾಗಲು ಎಲ್ಲರೂ ಸಿದ್ಧ, ಹೆಣವಾಗಲು ಯಾರೂ ಇಲ್ಲ. ಸಮಾರಂಭದ ಅಧ್ಯಕ್ಷರಾಗಿದ್ದ ಗಂಗಾಧರಯ್ಯ ತಮ್ಮ ಆಳುಗಳನ್ನೇ ಕಳಿಸಿಕೊಟ್ಟರು.

"ಬಿದ್ದ ಮೇಲೆ ಅಲ್ಲಾಡಬಾರದು," ಎಂದು ರಾಮಪ್ರಸಾದ ಕಲಿಸಿದರು. "ಗೆದ್ದೋರು ನಿಮ್ಮನ್ನ ದಾಟ್ಕೊಂಡು ಓಡಾಡ್ತಾರೆ."

"ಅದು ಅಭ್ಯಾಸ ಐತೆ ಸಾರ್," ಎಂದ ಬೋರಣ್ಣ. ಆಳುಗಳಲ್ಲಿ ಅವನೇ ಹಿರಿಯ. "ಈ ಗುಲಾಮ್ರು ಸೋತಿದ್ದು ಯಾಕೆ?"

"ಒಡೆದು ಬೇರೆ ಬೇರೆ ಗುಂಪಾದ್ರು. ಕೊನೇಗೆ ಉಳಿದ ಆರು ಸಾವಿರ ಜನರನ್ನ ರಸ್ತೆ ಉದ್ದಕ್ಕೂ ಶಿಲುಬೆಗೆ ಹಾಕಿದ್ರು."

"ಅಷ್ಟು ಜನದ ಹೆಸರು ಯಾರೂ ಬರ್ಕೊಳ್ಳಿಲ್ವಾ?"

"ಇಲ್ಲಪ್ಪ."

ಬೋರಣ್ಣ ಇದನ್ನು ಒಂದೊಂದು ಗುಡಿಸಲಿಗೂ ಹೋಗಿ ಹೇಳಿದ.

ನವೆಂಬರ್ ಒಂದು, ಸಂಜೆ ನಾಲ್ಕು ಗಂಟೆ. ಬಯಲೇ ರಂಗ, ಪರದೆ ಇಲ್ಲ. ಗುಲಾಮರು ಚೆನ್ನಾಗಿ ಸತ್ತರು. ಚಪ್ಪಾಳೆ ಬಿತ್ತು. ಇನ್ನು ಅಧ್ಯಕ್ಷರ ಭಾಷಣ. ಮೇಸ್ತ್ರಿ ಸೀನು ಸೀಟಿ ಊದಿದ. ದಿನಾ ಊಟದ ಮೇಲೆ ಅವರನ್ನು ಎಬ್ಬಿಸುತ್ತಿದ್ದ ಸೀಟಿ ಅದು. ಒಬ್ಬನೂ ಏಳಲಿಲ್ಲ.

"ಏಳ್ರೋ, ಅಧ್ಯಕ್ಷರು ಬತ್ತಾವ್ರೆ!"

"ಸತ್ತೋರು ಹೆಂಗ್ ಏಳ್ತಾರೆ ಮೇಸ್ತ್ರಿ?" ಎಂದ ಬೋರಣ್ಣ, ಕಣ್ಣು ಮುಚ್ಚಿಕೊಂಡೇ.

ಜನ ನಕ್ಕರು. ಪಕ್ಕದಲ್ಲೇ ಸತ್ತುಬಿದ್ದಿದ್ದ ರಾಮಪ್ರಸಾದ ಪಿಸುಗುಟ್ಟಿದರು. "ನಾಟಕ ಮುಗೀತು ಕಣಪ್ಪ."

"ನಿಮ್ದು ಮುಗೀತು ಸಾರ್. ನೀವು ಏಳಿ."

ರಾಮಪ್ರಸಾದ ಎದ್ದರು.

ಅಂಚಿನಲ್ಲಿದ್ದ ಮುನಿವೆಂಕಟಮ್ಮ ಮುಂದೆ ಬಂದಳು. "ನನ್ನ ಗಂಡ ಯಾರ ಕೆಲಸದಾಗೆ ಸತ್ತ, ಹೇಳಿ ಬುದ್ಧಿ. ಹೇಳಿದ್ರೆ ಏಳ್ತಾರೆ."

ನಗು ನಿಂತಿತು. ಗಂಗಾಧರಯ್ಯ ಪಂಚೆ ಎತ್ತಿಕೊಂಡು ಹೆಣಗಳ ನಡುವೆ ಕಾಲಿಡುತ್ತ ಮೈಕಿನ ಹತ್ತಿರ ಬಂದರು. ಮುಂದಿನ ಸಾಲಿಗೆ ಮುಗುಳ್ನಕ್ಕು, ಮೈಕನ್ನು ಅಂಗೈಯಿಂದ ಮುಚ್ಚಿದರು.

"ನಾಳೆಯಿಂದ ಒಬ್ಬನಿಗೂ ಕೆಲಸ ಇಲ್ಲ."

ಯಾರೂ ಅಲ್ಲಾಡಲಿಲ್ಲ. ಒಬ್ಬನ ಮೂಗಿನ ಮೇಲೆ ನೊಣ ಕೂತಿತ್ತು, ಅವನೂ ಅಲ್ಲಾಡಲಿಲ್ಲ.

"ಪೊಲೀಸ್ನೋರನ್ನ ಕರೆಸ್ತೀನಿ."

"ಕರೆಸಿ ಬುದ್ಧಿ. ಒಂದ್ ಹೆಣ ಹೊರಾಕೆ ನಾಲ್ಕು ಜನ ಬೇಕು," ಎಂದ ಬೋರಣ್ಣ.

ಗಂಗಾಧರಯ್ಯನವರ ಕೈ ಮೈಕಿನಿಂದ ಜಾರಿತು. "ಬೇವರ್ಸಿಗಳಾ! ನನ್ನ ಗುಂಡಿ ತೋಡ್ತಾ ಅವನೊಬ್ಬ ಸತ್ತಿದ್ದು ಸಾಲ್ದು ಅಂತ ನೀವೂ ಬಿದ್ಕೊಂಡಿದ್ದೀರಾ?"

ಮೈಕು ಆ ಮಾತನ್ನು ಬಯಲಿನ ಆಚೆಯವರೆಗೂ ಮುಟ್ಟಿಸಿತು.

ಮುನಿವೆಂಕಟಮ್ಮ ಮುಂದಿನ ಸಾಲಿನತ್ತ ತಿರುಗಿದಳು. "ಕೇಳಿಸ್ತಾ ಸ್ವಾಮಿ?"

ನಿವೃತ್ತ ಅಮಲ್ದಾರ ಶಾಮಣ್ಣನವರು ಕನ್ನಡಕ ಒರೆಸತೊಡಗಿದರು. "ಗಾಳಿ ನೋಡಮ್ಮ. ಸರಿಯಾಗಿ ಕೇಳಿಸ್ಲಿಲ್ಲ."

"ನಡೀರಿ," ಎಂದು ಅವರ ಹೆಂಡತಿ ಪಂಕಜಾ ಸೆರಗು ಹೊದ್ದರು. "ನಮಗ್ಯಾಕೆ ಇವೆಲ್ಲ."

ಆಗ ಹೆಣಗಳು ಎದ್ದವು. ಮೈಮೇಲಿನ ಮಣ್ಣು ಕೊಡವಿಕೊಂಡು ನಲವತ್ತೂ ಜನ ಮುನಿವೆಂಕಟಮ್ಮನ ಹಿಂದೆ ಬಂದು ನಿಂತರು.

"ಸರಿ ಸ್ವಾಮಿ," ಎಂದಳು ಅವಳು. "ನಾಳೆ ಬೆಳಿಗ್ಗೆ ಎಲ್ಲರೂ ನಿಮ್ಮ ಮನೆ ಹತ್ರ ಬಂದು ಕೇಳ್ತೀವಿ. ಒಳಗೆ ಗಾಳಿ ಇರಾಕಿಲ್ಲ."

"ನನ್ನ ಮನೆ ನಿನಗೇನು ಗೊತ್ತು?"

ಮುನಿವೆಂಕಟಮ್ಮ ಕುರ್ಚಿಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು.

"ಈ ಸಾಲಿನಾಗೆ ಕುಂತಿರೋ ಎಲ್ಲರ ಮನೇನೂ ಗೊತ್ತು. ಪಾಯ ತೋಡಿದ್ದು ನಾವೇ."