ಜೋಳದ ಕಾಳಿನಷ್ಟು ಗಾಯ

ನಮ್ಮ ಅತ್ತೆ ಮಾಣಿಕಮ್ಮನವರು ಮಹಾನವಮಿಯ ದಿನ ಎರಡು ಪೂಜೆ ಮಾಡುತ್ತಿದ್ದರು. ಮೊದಲನೆಯದು ಪಡಸಾಲೆಯಲ್ಲಿ, ಎಲ್ಲರೆದುರಿಗೆ. ಕುಡುಗೋಲು, ಕೊಡಲಿ, ನೇಗಿಲ ಕುಳ, ಮಾವನವರ ಕಾಲದ ಜೋಡುನಳಿಗೆ ಬಂದೂಕು. ಆರತಿ ಮುಗಿದು ಮಂದಿ ಎದ್ದುಹೋದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಎರಡನೆಯದು. ಜೋಳದ ಕಣಜದೊಳಗೆ ಮೊಳಕೈವರೆಗೆ ಕೈ ಹಾಕಿ ಎಲೆಅಡಿಕೆಯ ಹಳೆಯ ಸಂಚಿಯೊಂದನ್ನು ತೆಗೆಯುತ್ತಿದ್ದರು. ಅದರೊಳಗೆ ನನ್ನ ಅಂಗೈಗಿಂತ ದೊಡ್ಡದಲ್ಲದ ಒಂದು ಪಿಸ್ತೂಲು. ಅದಕ್ಕೆ ಕೊಬ್ಬರಿ ಎಣ್ಣೆ ಸವರಿ, ವಿಭೂತಿ ಬಳಿದು, ನಳಿಗೆಯ ಬಾಯಿಗೆ ಕುಂಕುಮ ಇಡುತ್ತಿದ್ದರು.

ರಜಾಕಾರರ ಗಲಾಟೆಯ ವರ್ಷ ಮಾವನವರು ಅದನ್ನು ಹೈದರಾಬಾದಿನಿಂದ ತಂದಿದ್ದರಂತೆ. ಅತ್ತೆ ಆರು ತಿಂಗಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ್ದರು. ಹೊರಗೆ ತೆಗೆಯುವ ಪ್ರಸಂಗ ಒಮ್ಮೆಯೂ ಬರಲಿಲ್ಲ.

"ನಮ್ಮನ್ನ ಇದೇ ಕಾಯ್ದದ ನೋಡವ್ವ" ಎನ್ನುತ್ತಿದ್ದರು.

ಬಂದೂಕಿಗೆ ಲೈಸೆನ್ಸ್ ಇತ್ತು. ಪಿಸ್ತೂಲಿಗೆ ಇರಲಿಲ್ಲ. ಅದು ಮನೆಯಲ್ಲಿರುವುದು ಅತ್ತೆಗೆ, ನನ್ನ ಗಂಡ ವೈಜನಾಥರಿಗೆ, ನನಗೆ ಮಾತ್ರ ಗೊತ್ತಿತ್ತು.

ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದು ಹುಮನಾಬಾದಿನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕಲಿಸುತ್ತಿದ್ದೆ. ನನ್ನ ಗಂಡನಿಗೆ ಘಾಟಬೋರಾಳದಲ್ಲಿ ಹೊಲವಿತ್ತು. ೧೯೬೬ರ ಬೇಸಿಗೆಯಲ್ಲಿ ಅವರು ಎತ್ತು ನೋಡಲೆಂದು ಮಂಠಾಳಕ್ಕೆ ಹೋಗಿದ್ದಾಗ, ಮಚ್ಚೇಂದ್ರ ಎಂಬವನು ಬದುವಿನ ಜಗಳದಲ್ಲಿ ಬಕ್ಕಪ್ಪ ಎಂಬ ಕೂಲಿಯವನ ಬಲಗೈಯನ್ನು ಕೊಡಲಿಯಿಂದ ಕಡಿದುದನ್ನು ಕಣ್ಣಾರೆ ಕಂಡರು. ಕಂಡವರು ಇನ್ನೂ ಏಳೆಂಟು ಜನ ಇದ್ದರು. ಪೊಲೀಸರು ಬಂದಾಗ ಅವರೆಲ್ಲ ಅಂದು ಊರಲ್ಲೇ ಇರಲಿಲ್ಲವೆಂದರು. ಇವರೊಬ್ಬರೇ ಸಾಕ್ಷಿ ಹೇಳುತ್ತೇನೆಂದರು.

ಜಾಮೀನಿನ ಮೇಲೆ ಹೊರಗೆ ಬಂದ ಮಚ್ಚೇಂದ್ರ ಸಂತೆಗೆ ಬಂದವರ ಕೈಯಲ್ಲಿ ಹೇಳಿಕಳಿಸಿದ: "ವೈಜನಾಥ ಸಾವಕಾರಗ ಹೇಳ್ರಿ, ಕೋರ್ಟಿನ ಮೆಟ್ಟಲಾ ಹತ್ತಾಕ ನಾ ಬಿಡಂಗಿಲ್ಲ."

ಬಸವಕಲ್ಯಾಣದ ಕೋರ್ಟಿನ ತಾರೀಖು ಮುಂದಿನ ಫೆಬ್ರುವರಿಗೆ ಬಿತ್ತು. ಅದು ಓಟಿನ ಹಂಗಾಮು. ಓಟು ಮುಗಿಯುವವರೆಗೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿಡಬೇಕೆಂದು ಡಂಗುರ ಹೊಡೆಸಿದರು. ನಮ್ಮ ಬಂದೂಕೂ ಹೋಯಿತು. ಇವರು ರಸೀದಿ ಹಿಡಿದು ಮನೆಗೆ ಬಂದಾಗ ಅತ್ತೆ ಕಣಜದೊಳಗೆ ಕೈ ಹಾಕಿದರು.

ತಾರೀಖಿಗೆ ವಾರ ಮುಂಚೆ ನಾವಿಬ್ಬರೂ ಬಸವಕಲ್ಯಾಣಕ್ಕೆ ಹೋದೆವು. ಪಿಸ್ತೂಲು ನನ್ನ ಕೈಚೀಲದಲ್ಲಿ, ರೊಟ್ಟಿಯ ಗಂಟಿನ ಕೆಳಗಿತ್ತು. ಹೆಂಗಸಿನ ಚೀಲವನ್ನು ಯಾರೂ ನೋಡುವುದಿಲ್ಲ ಎಂಬುದು ಇವರ ಲೆಕ್ಕ. ಕೋಟೆಯ ಹಿಂದಿನ ಓಣಿಯಲ್ಲಿ ಗಯಾಸುದ್ದೀನ್ ಎಂಬ ಮುದುಕ ಬೀಗ, ಪೆಟ್ರೋಮ್ಯಾಕ್ಸ್, ಬಂದೂಕು ದುರಸ್ತಿ ಮಾಡುತ್ತಿದ್ದರು. ಮಾವನವರ ಕಾಲದಿಂದ ನಮಗೆ ಪರಿಚಯ. ಬಾಗಿಲು ಓರೆ ಮಾಡಿ, ಕನ್ನಡಕ ಏರಿಸಿ, ಪಿಸ್ತೂಲಿನ ನಳಿಗೆಯೊಳಗೆ ಸಣ್ಣ ತಂತಿ ಆಡಿಸಿದರು. ಗಟ್ಟಿಯಾದ ಕೆಂಪು ಪುಡಿ ಉದುರಿತು.

"ಇದೇನ್ರಿ ಸಾವಕಾರ, ಪಿಸ್ತೂಲಿಗಿ ಲಗ್ನಾ ಮಾಡೀರೇನು? ಹಣಿಗಿ ಹಚ್ಚೂದು ಗಂಟಲದಾಗ ಇಳದದ."

"ಅವ್ವನ ಪೂಜಿ, ಗಯಾಸಭಾಯ್" ಎಂದು ಇವರು ನಕ್ಕರು. "ಹತ್ತೊಂಬತ್ತು ವರ್ಷದ್ದು. ಹಾರತದೇನು?"

"ಹಾರತದ. ಆದ್ರ ಹಾರೂದು ಬ್ಯಾರೆ, ಕಾಯೂದು ಬ್ಯಾರೆ."

ಸಂಚಿಯಲ್ಲಿ ಐದು ಕಾರತೂಸುಗಳಿದ್ದವು. ಗಯಾಸುದ್ದೀನರು ನಮ್ಮನ್ನು ಹಿತ್ತಲಿಗೆ ಕರೆದೊಯ್ದರು. ಜೋಳದ ಚೀಲಕ್ಕೆ ಮಡಚಿದ ಕಂಬಳಿ ಹೊದಿಸಿ ನಿಲ್ಲಿಸಿದರು. ಆ ದಿನಗಳಲ್ಲಿ ಓಣಿ ಓಣಿಗೂ ಓಟಿನ ಮೆರವಣಿಗೆ. ಹಲಗೆ ಬಾರಿಸುವವರು ಪಟಾಕಿ ಹಚ್ಚುತ್ತ ಬಾಗಿಲ ಮುಂದೆ ಬರುವವರೆಗೆ ಕಾದು ಗಯಾಸುದ್ದೀನರು ಒಂದು ಗುಂಡು ಹಾರಿಸಿದರು. ಚೀಲ ಅಲುಗಲಿಲ್ಲ. ಕಂಬಳಿಯಲ್ಲಿ ತೂತು ಎಲ್ಲಿದೆಯೆಂದು ಹುಡುಕಬೇಕಾಯಿತು. ಚೀಲ ಬಿಚ್ಚಿ ಜೋಳ ಸುರುವಿದಾಗ ನಡುವೆ ಒಂದು ತೊಗರಿ ಕಾಳಿನಷ್ಟು ಸೀಸ ಸಿಕ್ಕಿತು.

"ನೋಡ್ರಿ. ಒಳಗ ಹೋಗೇದ. ಇದಕ್ಕ ಕೊಲ್ಲಾಕ ಬರಂಗಿಲ್ಲಂತ ನಾ ಅನ್ನಂಗಿಲ್ಲ. ಜೋಡುನಳಿಗಿ ಹೊಡದ್ರ ಮನಶಾ ಅಲ್ಲೇ ಬೀಳ್ತಾನ. ಇದು ಹೊಡದ್ರ ಮೊದಲ ಅವಗ ಸಿಟ್ಟು ಬರ್ತದ. ನಾಕ ದಿನಕ್ಕ ಸತ್ತರೂ ಸಾಯಬಹುದು. ನಾಕ ದಿನಕ್ಕ ಸತ್ರ ನಿಮಗೇನು ಫಾಯ್ದಾ? ನಿಮಗ ಬೇಕಾಗಿದ್ದು ಅವಾ ಆ ಗಳಿಗಿಗಿ ನಿಂದರೂದು."

"ಕಂಡ್ರ ಸಾಕು, ಅಂಜ್ತಾನ."

"ಇಷ್ಟ ಸಣ್ಣದು ಕಾಣಬೇಕಂದ್ರ ಅವಾ ಬಾಜೂಕ ಬಂದಿರಬೇಕು. ಬಾಜೂಕ ಬಂದಾವ ಅಂಜಂಗಿಲ್ಲ." ಅವರು ಪಿಸ್ತೂಲು ಒರೆಸಿ ಇವರ ಕೈಗಿಡಲಿಲ್ಲ, ಹಲಗೆಯ ಮೇಲಿಟ್ಟರು. "ಇದನ್ನ ಕಣಜದಾಗ ಇಡ್ರಿ. ತಾರೀಖಿನ ಹಿಂದಿನ ದಿನಾನೇ ಬಂದು ನಮ್ಮನ್ಯಾಗ ಇರ್ರಿ. ಮುಂಜಾನೆ ನಾವು ನಾಕ ಮಂದಿ ನಿಮ್ಮ ಜೋಡಿ ಕೋರ್ಟಿಗಿ ಬರ್ತೇವಿ. ಹಿಂದಿನ ದಿನ ಬರೂದು ಆಗಂಗಿಲ್ಲಂದ್ರ, ಬಸ್ಸಿಳಿಯೂ ಕ್ರಾಸಿನಾಗ ಟಾಂಗಾ ಇಲ್ಲಂತ ನಡಕೋತ ಮಾತ್ರ ಬರಬ್ಯಾಡ್ರಿ."

ಒಳಗಿನಿಂದ ಅವರ ಹೆಂಡತಿ ಕುಲ್ಸುಮ್ ಬೀ ಬಂದು ನನ್ನ ಕೈಗೆ ಎರಡು ಬಾಳೆಹಣ್ಣು ಕೊಟ್ಟರು. ಒಲೆಯ ಮೇಲೆ ಚಹಾ ಕುದಿಯುವ ವಾಸನೆ ಬರುತ್ತಿತ್ತು. "ಚಹಾ ಕುಡಿದ್ರ ಮನ್ಯಾಗ ಅತ್ತಿಗಿ ಸುಳ್ಳು ಹೇಳಬೇಕಾಗ್ತದಲ್ಲಾ ಬೇಟಿ, ಹಣ್ಣು ತಿನ್ನು" ಎಂದರು. ನಾನು ನಾಚಿದೆ. ಆ ಹಣ್ಣಿನಷ್ಟು ಸಿಹಿ ಹಣ್ಣನ್ನು ಆಮೇಲೆ ತಿಂದ ನೆನಪಿಲ್ಲ.

ಬಸ್ಸಿನಲ್ಲಿ ನಾನು ಹೇಳಿದೆ, "ಅವರ ಮನ್ಯಾಗ ಇರೂಣ್ರಿ."

"ಒಬ್ಬ ಕೈಕಡಕಗ ಅಂಜಿ ಮಂದಿ ಮನ್ಯಾಗ ಅಡಗೂದೇನು? ನಮ್ಮ ಹತ್ತರ ಇದು ಅದಲ್ಲಾ" ಎಂದು ಇವರು ನನ್ನ ಚೀಲವನ್ನು ಮೆಲ್ಲಗೆ ತಟ್ಟಿದರು.

ತಾರೀಖಿನ ಮುಂಜಾನೆ ನಾವು ಹುಮನಾಬಾದಿನಿಂದ ಮೊದಲ ಬಸ್ಸಿಗೆ ಹೊರಟೆವು. ಕೋರ್ಟಿನ ಬಾಗಿಲಲ್ಲಿ ಗಂಡಸರ ಜೇಬು ನೋಡುತ್ತಾರೆಂದು ಪಿಸ್ತೂಲು ಮತ್ತೆ ನನ್ನ ಚೀಲದಲ್ಲೇ ಇತ್ತು. ಒತ್ತುವುದು ಹೇಗೆಂದು ಇವರು ನನಗೂ ತೋರಿಸಿದ್ದರು. ದೊಡ್ಡ ರಸ್ತೆಯ ಕ್ರಾಸಿನಲ್ಲಿ ಇಳಿದಾಗ ಒಂದೂ ಟಾಂಗಾ ಇರಲಿಲ್ಲ. ಎಲ್ಲ ಓಟಿನ ಪ್ರಚಾರಕ್ಕೆ ಹೋಗಿದ್ದವು. ಚಹಾದ ಅಂಗಡಿಯವನು, "ಕೂಡ್ರಿ ಸಾವಕಾರ, ಇಸ್ಮಾಯಿಲನ ಟಾಂಗಾ ಅರ್ಧಾ ತಾಸಿಗಿ ಬರ್ತದ" ಎಂದು ನನಗಾಗಿ ಬೆಂಚು ಒರೆಸಿದ. ಇವರು ಗಡಿಯಾರ ನೋಡಿ, ನನ್ನ ಚೀಲ ನೋಡಿ, "ನಡಿ ಸುಂದರಾ" ಎಂದರು. ಚೀಲದಲ್ಲಿ ಬರೀ ರೊಟ್ಟಿ ಇದ್ದಿದ್ದರೆ ನಾವು ಆ ಬೆಂಚಿನ ಮೇಲೆ ಕೂತಿರುತ್ತಿದ್ದೆವು. ಇಷ್ಟು ವರ್ಷವಾದರೂ ನನಗೆ ಆ ಬೆಂಚು ಕಣ್ಣಿಗೆ ಕಟ್ಟುತ್ತದೆ.

ಅರ್ಧ ಮೈಲಿ ನಡೆದಿರಬಹುದು. ಬಿಸಿಲು ಆಗಲೇ ಏರಿತ್ತು. ತೊಗರಿ ಕೊಯ್ದ ಹೊಲದ ಅಂಚಿನ ಬೇವಿನ ಮರದ ಬುಡದಿಂದ ಮಚ್ಚೇಂದ್ರ ಎದ್ದು ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕಬ್ಬಿಣದ ಬಳೆ ಹಾಕಿದ ಬಡಿಗೆ. ಓಡಿ ಬರಲಿಲ್ಲ, ನಡೆದೇ ಬಂದ.

"ತಿರುಗಿ ಹುಮನಾಬಾದ ಹಾದಿ ಹಿಡೀರಿ ಸಾವಕಾರ. ನಿಮಗೂ ಚಲೋ, ನನಗೂ ಚಲೋ."

"ಹಾದಿ ಬಿಡು ಮಚ್ಚೇಂದ್ರ."

ಅವನು ನನ್ನ ಕಡೆ ತಿರುಗಿದ. "ಅಕ್ಕೋರ, ನೀವು ಆ ಕಡಿ ಸರೀರಿ. ನಿಮ್ಮ ಜೋಡಿ ನಂದೇನೂ ಜಗಳಿಲ್ಲ." ಹಾಗೆಂದು ನನ್ನ ಮೊಳಕೈ ಹಿಡಿದು, ಗಾಜಿನ ದೀಪ ಎತ್ತಿಡುವ ಹಾಗೆ, ರಸ್ತೆಯಂಚಿಗೆ ನಿಲ್ಲಿಸಿದ. ನನ್ನ ಒಂದು ಚಪ್ಪಲಿ ಕಳಚಿ ನಡುವೆ ಉಳಿದಿತ್ತು. ಅದನ್ನು ಕಾಲಿನಿಂದ ನನ್ನತ್ತ ಸರಿಸಿದ.

"ಸುಂದರಾ, ಕೊಡು" ಎಂದರು ಇವರು.

ನಾನು ತೆಗೆದೆ. ಮಚ್ಚೇಂದ್ರ ನೋಡಿದ. ಅವನ ಮುಖದಲ್ಲಿ ಅಂಜಿಕೆಯನ್ನು ಹುಡುಕಿದೆ. ಇರಲಿಲ್ಲ.

"ಇದೇನು ಅಕ್ಕೋರ, ಸಾಲಿ ಹುಡುಗೂರ ಆಟಿಗಿ ಸಾಮಾನು ಕಸಗೊಂಡು ಬಂದೀರಿ?"

ಅವನು ನಿಜವಾಗಿಯೂ ಹಾಗೆ ತಿಳಿದನೆಂದು ನನಗೆ ಈಗಲೂ ಅನಿಸುತ್ತದೆ. ನಗುತ್ತಲೇ ತಿರುಗಿ ಇವರ ಹೆಗಲಿಗೆ ಮೊದಲ ಏಟು ಹಾಕಿದ. ಇವರು ಮಂಡಿಯೂರಿದರು. ನಾನು ಎರಡು ಮಾರು ದೂರದಿಂದ ಅವನ ಹೊಟ್ಟೆಗೆ ಹಿಡಿದು ಒತ್ತಿದೆ. ಸ್ಲೇಟು ಒಡೆದಷ್ಟು ಸದ್ದಾಯಿತು.

ಅವನು ನಿಂತು ಕೆಳಗೆ ನೋಡಿಕೊಂಡ. ಅಂಗಿಯನ್ನು ಎರಡು ಬೆರಳಿನಿಂದ ಎತ್ತಿ ನೋಡಿದ.

"ಹೊಡದ್ರಿ ಅಕ್ಕೋರ?" ಎಂದ. ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ಸಿಟ್ಟು ಆಮೇಲೆ ಬಂತು. ಬಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಇವರ ತಲೆಗೆ ಹೊಡೆದ. ಒಂದು, ಎರಡು, ಮೂರು. ನಾನು ಮತ್ತೆ ಒತ್ತಿದೆ. ಟಕ್ ಎಂದಿತು. ಮತ್ತೆ ಒತ್ತಿದೆ. ಏನೂ ಆಗಲಿಲ್ಲ. ಅವನು ಬಡಿಗೆ ಎಸೆದು, ಕಂಬಳಿ ಸರಿಮಾಡಿಕೊಂಡು, ತೊಗರಿ ಕೂಳೆಗಳ ನಡುವೆ ನೆಟ್ಟಗೆ ನಡೆದುಹೋದ. ತೂರಾಡಲೂ ಇಲ್ಲ.

ಇಸ್ಮಾಯಿಲನ ಟಾಂಗಾ ಬಂದಾಗ ಇವರ ತಲೆ ನನ್ನ ತೊಡೆಯ ಮೇಲಿತ್ತು. ಆತ ಇವರನ್ನು ಎತ್ತಿ ಟಾಂಗಾದಲ್ಲಿ ಮಲಗಿಸಿದ. ನಂತರ ಧೂಳಿನಲ್ಲಿ ಬಿದ್ದಿದ್ದ ಪಿಸ್ತೂಲನ್ನು ಎತ್ತಿ ಒರೆಸಿ, ರೊಟ್ಟಿಯ ಗಂಟಿನ ಕೆಳಗಿಟ್ಟು, ಚೀಲದ ಬಾಯಿ ಕಟ್ಟಿ ನನ್ನ ಕೈಗೆ ಕೊಟ್ಟ. "ರೊಟ್ಟಿ ಬಿದ್ದಿದ್ವು ಅಕ್ಕೋರ" ಎಂದಷ್ಟೇ ಹೇಳಿದ.

ದವಾಖಾನೆಯಲ್ಲಿ ಫೌಜದಾರರು ಕೇಳಿದರು, "ಯಾರು ಹೊಡದ್ರು?"

ಮಚ್ಚೇಂದ್ರನ ಹೆಸರು ಹೇಳಿದರೆ ಅವರು ಮಂಠಾಳಕ್ಕೆ ಹೋಗುತ್ತಾರೆ, ಅವನ ಹೊಟ್ಟೆ ನೋಡುತ್ತಾರೆ, ಆಮೇಲೆ ನನ್ನ ಚೀಲ ನೋಡುತ್ತಾರೆ. ಲೈಸೆನ್ಸ್ ಇಲ್ಲದ ಪಿಸ್ತೂಲಿಗೆ ಜೈಲು. ಇವರು ಕಣ್ಣು ಬಿಟ್ಟಿರಲಿಲ್ಲ. ನಾನು ಜೈಲಿಗೆ ಹೋದರೆ ಇವರ ಬಾಯಿಗೆ ನೀರು ಬಿಡುವವರು ಯಾರು?

"ಮುಖಕ್ಕ ಕಂಬಳಿ ಇತ್ರಿ. ಗುರ್ತು ಹತ್ತಲಿಲ್ಲ" ಎಂದೆ.

ಸತ್ಯ ಹೇಳಲೆಂದೇ ಮನೆ ಬಿಟ್ಟು ಹೊರಟ ನಾವು ಆ ದಿನ ಹೇಳಿದ್ದು ಅದು.

ಎರಡನೆಯ ದಿನ ಬಕ್ಕಪ್ಪ ಬಂದ. ಇವರ ಹಾಸಿಗೆಯ ಪಕ್ಕ ನೆಲದಲ್ಲಿ ಕೂತು, ಉಳಿದ ಎಡಗೈಯಿಂದ ಬೀಸಣಿಗೆ ಬೀಸಿದ. ಸಂಜೆವರೆಗೂ ಬೀಸಿದ. ಕೈ ಸೋತಿರಬೇಕು, ಬದಲಿಸಲು ಇನ್ನೊಂದು ಕೈ ಇರಲಿಲ್ಲ.

ಮೂರನೆಯ ದಿನ ಇಸ್ಮಾಯಿಲ ನಮಗೆ ಗಂಜಿ ತಂದುಕೊಟ್ಟು, ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದ. "ಮಂಠಾಳಕ್ಕ ಹೋಗಿದ್ದೆ. ಮಚ್ಚೇಂದ್ರನ ಹೊಟ್ಟಿ ಉಬ್ಬ್ಯದ. ಜೋಳದ ಕಾಳಿನಷ್ಟು ಗಾಯ ಅದ, ಹೊಲದಾಗ ಏನೋ ಕಡೀತು ಅಂತ ಹೇಳಾಕತ್ತಾನ. ಮನಿಯವ್ರು ಅರಿಶಿಣ ಹಚ್ಚ್ಯಾರ. ದವಾಖಾನಿಗಿ ಬಾ ಅಂದ್ರ ಒಲ್ಲೆ ಅಂತಾನ."

ಅವನೂ ಹೇಳುವಂತಿರಲಿಲ್ಲ. ಹೇಳಿದರೆ ಆ ದಿನ ಆ ರಸ್ತೆಯಲ್ಲಿದ್ದೆನೆಂದು ಒಪ್ಪಬೇಕಿತ್ತು. ಡಾಕ್ಟರು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಯಾವುದೋ ಮಗುವಿನ ನಾಲಗೆ ನೋಡುತ್ತಿದ್ದರು. ಒಳ್ಳೆಯ ಮನುಷ್ಯ. ನನಗೆ ಮಲಗಲು ತಮ್ಮ ಮನೆಯ ಚಾಪೆ ತರಿಸಿಕೊಟ್ಟಿದ್ದರು. ಅದು ಕಡಿತವಲ್ಲ, ಗುಂಡು ಎಂದು ನಾನು ಅವರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಸ್ಮಾಯಿಲ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ನಾನು ಗಂಜಿಯ ಪಾತ್ರೆ ತೊಳೆದು ಅವನಿಗೆ ವಾಪಸು ಕೊಟ್ಟೆ.

ಐದನೆಯ ದಿನ ಮಚ್ಚೇಂದ್ರ ಸತ್ತ. ಹೊಟ್ಟೆನೋವು ಎಂದು ಊರು ನಂಬಿತು. ಆರೋಪಿ ಸತ್ತನೆಂದು ಕೇಸು ಮುಗಿಯಿತು. ಸಾಕ್ಷಿಯನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ಇವರು ಹೇಳುವಂತಿರಲಿಲ್ಲ. ಕಣ್ಣು ಬಿಟ್ಟರು, ಬಾಯಿ ಬರಲಿಲ್ಲ. ಬಲಭಾಗ ಬಿದ್ದುಹೋಗಿತ್ತು. ಹದಿನಾಲ್ಕು ವರ್ಷ ಹಾಗೆಯೇ ಇದ್ದರು.

ತಿಂಗಳಾದ ಮೇಲೆ ಒಬ್ಬಳೇ ಗಯಾಸುದ್ದೀನರ ಮನೆಗೆ ಹೋಗಿ ಪಿಸ್ತೂಲನ್ನು ಹಲಗೆಯ ಮೇಲಿಟ್ಟೆ. ಅವರು ತೆರೆದು ಉಳಿದ ಕಾರತೂಸು ಎಣಿಸಿದರು.

"ನಿಂತ್ನೇನು ಅಕ್ಕೋರ?"

"ಇಲ್ರಿ."

ಮುಂದೆ ಅವರು ಕೇಳಲಿಲ್ಲ, ನಾ ಮೊದಲೇ ಹೇಳಿದ್ದೆ ಎನ್ನಲೂ ಇಲ್ಲ. ಪಿಸ್ತೂಲನ್ನು ಹಲಗೆಯಂಚಿನ ಕಬ್ಬಿಣದ ಇಕ್ಕಳಕ್ಕೆ ಬಿಗಿದು, ತುಂಡರಿಸಲು ಗರಗಸ ತೆಗೆದುಕೊಂಡರು. ಕುಲ್ಸುಮ್ ಬೀ ಬಾಳೆಹಣ್ಣು ತಂದರು. ನಾನು, "ಚಹಾ ಕೊಡ್ರಿ" ಎಂದೆ. ಅವರು ನನ್ನ ಪಕ್ಕ ಕೂತು, ತಟ್ಟೆಗೆ ಸುರುವಿ, ಆರಿಸಿ ಕೊಟ್ಟರು. ಗರಗಸದ ಸದ್ದು ನಿಲ್ಲುವವರೆಗೆ ನನ್ನ ಬೆನ್ನ ಮೇಲಿನ ಕೈ ತೆಗೆಯಲಿಲ್ಲ.

ಆ ವರ್ಷದ ಮಹಾನವಮಿಗೆ ಪಡಸಾಲೆಯ ಪೂಜೆ ಮುಗಿಯಿತು. ಬಂದೂಕು ಠಾಣೆಯಿಂದ ಎಂದೋ ಮನೆಗೆ ಬಂದಿತ್ತು. ಅತ್ತೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕಣಜದೊಳಗೆ ಕೈ ಹಾಕಿದರು. ನಾನು ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಸಂಚಿ ಕೈಗೆ ಬಂದಾಗಲೇ ಅದರ ಹಗುರ ಅವರಿಗೆ ತಿಳಿಯಿತು. ಬಿಚ್ಚಿ ನೋಡಲಿಲ್ಲ. ಪಡಸಾಲೆಯಿಂದ ಇವರು ನೀರಿಗಾಗಿ ಮಾಡುವ ಸದ್ದು ಕೇಳಿಸುತ್ತಿತ್ತು. ಅತ್ತೆ ಬೆರಳಲ್ಲಿದ್ದ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡರು.

"ಬಾಗಿಲಾ ತಗಿ ತಂಗಿ" ಎಂದರು. "ಅವಗ ನೀರು ಬೇಕಾಗೇದ."

ನಾನು ಬಾಗಿಲು ತೆಗೆದೆ.