ಕಿವಿ ಮೇಷ್ಟ್ರ ಬೂದು ಕಾರು

ಆ ಕಾರನ್ನು ನೋಡಿ ಯಾರೂ ಹೊಟ್ಟೆ ಉರಿದುಕೊಳ್ಳುತ್ತಿರಲಿಲ್ಲ. ಬೂದು ಬಣ್ಣ, ಉದ್ದ ಬೆನ್ನು, ಹಿಂದೆ ನಾಲ್ಕು ಮೂಟೆ ಹಿಡಿಯುವಷ್ಟು ಜಾಗ, ಎಡಗಡೆಯ ಬಾಗಿಲ ಮೇಲೆ ಯಾರದೋ ಸೈಕಲ್ಲು ಎಳೆದುಹೋದ ಗೀರು. ಮೇಷ್ಟ್ರ ಮನೆಗೆ ಬರುವಾಗಲೇ ಅದಕ್ಕೆ ಹನ್ನೊಂದು ವರ್ಷ, ಇಬ್ಬರ ಕೈ ದಾಟಿತ್ತು. ಎದುರುಮನೆಯ ದರ್ಜಿ ಅದನ್ನೊಮ್ಮೆ ಸುತ್ತು ಹಾಕಿ, "ಏನ್ ಮೇಷ್ಟ್ರೇ, ಹಾಲಿನ ವ್ಯಾಪಾರ ಶುರು ಮಾಡ್ತಿದ್ದೀರಾ?" ಎಂದು ಕೇಳಿದ್ದ. ಮೇಷ್ಟ್ರು ನಕ್ಕರು. ಬಾನೆಟ್ಟಿನ ಕೆಳಗೆ ಆರು ಸಿಲಿಂಡರಿನ ಟರ್ಬೊ ಎಂಜಿನ್ನು ಮಲಗಿದೆ ಎಂದು ದರ್ಜಿಗೇಕೆ ಹೇಳಬೇಕು? ಆ ಗುಟ್ಟು ಹೇಳುತ್ತಿದ್ದ ಹಿಂಬದಿಯ ಲೋಹದ ಅಕ್ಷರಗಳನ್ನು ಮೊದಲ ಮಾಲೀಕನೇ ಕಿತ್ತು ಹಾಕಿದ್ದ, ಪುಣ್ಯಾತ್ಮ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತು ಗುರುಗುಟ್ಟುತ್ತಿದ್ದ ಹೊಳೆಹೊಳೆಯುವ ಕಾರುಗಳು, ದೀಪ ಹಸಿರಾಗಿ ಮೂರೆಣಿಸುವಷ್ಟರಲ್ಲಿ ಮೇಷ್ಟ್ರ ಕನ್ನಡಿಯಲ್ಲಿ ಚಿಕ್ಕದಾಗುತ್ತಿದ್ದವು. ಗೋಮುಖ ವ್ಯಾಘ್ರ ಎಂದು ಜನ ಬೈಯುವುದಕ್ಕೆ ಹೇಳುತ್ತಾರೆ, ಮೇಷ್ಟ್ರು ಕಾರನ್ನು ಮುದ್ದಿಗೆ ಹಾಗೆ ಕರೆಯುತ್ತಿದ್ದರು. ಹೆತ್ತವರಿಗೆ ಹೆಗ್ಗಣವೂ ಮುದ್ದು, ಇದಂತೂ ಹೆಗ್ಗಣವಲ್ಲ.

ಅವರು ಪಾಠ ಹೇಳುವ ಮೇಷ್ಟ್ರಲ್ಲ. ಬೇರಿಂಗ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವರ ಕೆಲಸವೆಂದರೆ ಕೇಳುವುದು. ಗಾಜಿನ ಗೋಡೆಯ ಪುಟ್ಟ ಕೋಣೆ, ಒಂದು ಮೇಜು, ಬೇರಿಂಗನ್ನು ಸಿಕ್ಕಿಸಿ ತಿರುಗಿಸುವ ಒಂದು ಕಡ್ಡಿ, ಡಾಕ್ಟರು ಎದೆಗಿಡುವಂಥ ಸ್ಟೆತಸ್ಕೋಪು. ಪರೀಕ್ಷೆಯ ಯಂತ್ರ ಹೌದೋ ಅಲ್ಲವೋ ಎಂದು ತಡವರಿಸಿದ ಬೇರಿಂಗುಗಳೆಲ್ಲ ಅವರ ಮೇಜಿಗೆ ಬರುತ್ತಿದ್ದವು. ತಿರುಗಿಸುವುದು, ಕೇಳುವುದು, 'ಹೋಗಲಿ' ಅಥವಾ 'ಬೇಡ' ಅನ್ನುವುದು, ಅಷ್ಟೆ. ಒಳಗಿನ ಗುಂಡುಗಳ ನಡುವೆ ಒಂದು ಕಣ ಧೂಳು ಸಿಕ್ಕಿದ್ದರೂ ಅದು ಅವರಿಗೆ ಹಲ್ಲಿಗೆ ಸಿಕ್ಕ ಕಲ್ಲು. ಅವರು 'ಹೋಗಲಿ' ಅಂದ ಬೇರಿಂಗುಗಳು ಲಿಫ್ಟುಗಳಿಗೆ, ಆಸ್ಪತ್ರೆಯ ಯಂತ್ರಗಳಿಗೆ ಹೋಗುತ್ತಿದ್ದವು. ಕಿವಿ ಮೇಷ್ಟ್ರು ಎಂದು ಕಾರ್ಖಾನೆಯವರಿಟ್ಟ ಹೆಸರು ಬೀದಿಗೂ ಬಂದು, ಮನೆಯೊಳಗೂ ನುಗ್ಗಿತ್ತು.

ಕಾರಿನ ಆರೈಕೆ ಭಾನುವಾರದ ಕೆಲಸ. ಎರಡು ಬೀದಿ ಆಚೆ ಭಾವಮೈದುನನ ಗ್ಯಾರೇಜಿತ್ತು. ಹೆಂಡತಿಯ ಒಬ್ಬನೇ ತಮ್ಮ; ಕಸುಬು ಕಲಿಯುವಾಗ ಮೂರು ವರ್ಷ ಇವರ ಮನೆಯಲ್ಲೇ ಉಂಡು ಮಲಗಿ ಬೆಳೆದವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗಿಟ್ಟು ಕೇಳುವುದನ್ನು ಅವನಿಗೆ ಕಲಿಸಿದವರೇ ಮೇಷ್ಟ್ರು. ಎಂಜಿನ್ ಎಣ್ಣೆಯನ್ನು ಪುಸ್ತಕ ಹೇಳಿದ್ದರ ಅರ್ಧ ದೂರಕ್ಕೇ ಬದಲಿಸುತ್ತಿದ್ದರು. ತಣ್ಣಗಿರುವ ಎಂಜಿನ್ನನ್ನು ಒಮ್ಮೆಲೇ ಎಳೆಸುತ್ತಿರಲಿಲ್ಲ. ಎಲ್ಲಿಗೆ ಹೋಗಿ ಬಂದರೂ ಟರ್ಬೊ ತಣಿಯಲಿ ಎಂದು ಮನೆಯ ಮುಂದೆ ಒಂದು ನಿಮಿಷ ಎಂಜಿನ್ನು ಹಾಗೇ ಓಡಬೇಕು, ಅಲ್ಲಿಯವರೆಗೆ ಯಾರೂ ಇಳಿಯುವಂತಿಲ್ಲ. "ಒಲೆ ಮುಂದೆ ಬೆಂದು ಬಂದಾಗ ನನಗೂ ಹೀಗೆ ಒಂದು ನಿಮಿಷ ಕೊಡಿ ನೋಡೋಣ" ಎಂದು ಹೆಂಡತಿ ಮಡಿಲಲ್ಲಿ ತರಕಾರಿ ಚೀಲ ಇಟ್ಟುಕೊಂಡು ಗೊಣಗುತ್ತಿದ್ದಳು.

ಅವಳಿಗೆ ಕಾರೆಂದರೆ ಭಯ. ಕಾರ್ಖಾನೆಗೆ ಹೋಗುವ ಹೆದ್ದಾರಿಯಲ್ಲಿ ಒಮ್ಮೆ ಮೇಷ್ಟ್ರು ಎರಡು ಲಾರಿಗಳನ್ನು ಒಂದೇ ಉಸಿರಿಗೆ ದಾಟಿದ್ದರು, ಎದುರಿಗೆ ಬಸ್ಸು. ಮನೆಗೆ ಬಂದು ಅವಳು ಅತ್ತುಕೊಂಡು, "ಇದನ್ನ ಮಾರಿಬಿಡಿ" ಅಂದಳು. "ಮೊದಲು ನನ್ನನ್ನ ಮಾರು, ಆಮೇಲೆ ಇದನ್ನ" ಎಂದು ಇವರು ನಕ್ಕಿದ್ದರು. ನಗಬಾರದಿತ್ತು. ಆದರೆ ನಕ್ಕರು, ಮರೆತೂಬಿಟ್ಟರು.

ಅದಾಗಿ ಮೂರು ವಾರಕ್ಕೆ ಕಾರು ಗ್ಯಾರೇಜಿನಿಂದ ಸರ್ವಿಸಾಗಿ ಬಂತು. ಬೀದಿಯ ತಿರುವು ದಾಟುವುದರೊಳಗೆ ಮೇಷ್ಟ್ರಿಗೆ ಗೊತ್ತಾಯಿತು, ಏನೋ ಕೆಟ್ಟಿದೆ. ಎರಡನೇ ಗೇರಿನಲ್ಲಿ ಏರುತ್ತಿದ್ದ ದನಿ ಅರ್ಧಕ್ಕೇ ನಿಂತುಬಿಡುತ್ತಿತ್ತು. ಅಲ್ಲಿಂದಲೇ ಕಾರು ತಿರುಗಿಸಿದರು.

"ಎಳೆತ ಕಮ್ಮಿ ಆಗಿದೆ ಕಣೋ. ಉಸಿರು ಕಟ್ಟಿದ ಹಾಗಿದೆ."

ಭಾವಮೈದುನ ಕೈ ಒರೆಸಿಕೊಂಡು ಬಂದ, ಒಂದು ಸುತ್ತು ಓಡಿಸಿದ. "ನನಗೇನೂ ಕಾಣ್ತಿಲ್ಲ ಭಾವ. ಆದ್ರೂ ನೀವು ಹೇಳ್ತಿದ್ದೀರಿ ಅಂದ್ಮೇಲೆ ನೋಡೋಣ ಬಿಡಿ."

ನೋಡಿದರು. ಐದು ತಿಂಗಳು ನೋಡಿದರು. ಮೊದಲ ಭಾನುವಾರ ಪ್ಲಗ್ಗುಗಳು, ಆಮೇಲೆ ಗಾಳಿಯ ಫಿಲ್ಟರು, ಆಮೇಲೆ ಟರ್ಬೊಗೆ ಹೋಗುವ ರಬ್ಬರು ಕೊಳವೆಗಳಿಗೆ ಒಂದೊಂದಕ್ಕೂ ಸೋಪಿನ ನೀರು ಬಳಿದು ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂಬ ಹುಡುಕಾಟ. ಆಮೇಲೆ ಪೆಟ್ರೋಲ್ ಪಂಪು. ಮೇಷ್ಟ್ರು ಕಾರಿನಡಿ ಅಂಗಾತ ಮಲಗಿ ಕೈ ಚಾಚಿದರೆ ಭಾವಮೈದುನ ಕೇಳುವ ಮೊದಲೇ ಸರಿಯಾದ ಸ್ಪಾನರು ಇಡುತ್ತಿದ್ದ. ಬೇರೆ ಗ್ಯಾರೇಜಿಗೆ ತೋರಿಸೋಣವೇ ಎಂಬ ಯೋಚನೆ ಒಮ್ಮೆ ಸುಳಿದದ್ದಕ್ಕೇ ಮೇಷ್ಟ್ರಿಗೆ ನಾಚಿಕೆಯಾಗಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಜಾತಿಯವರಲ್ಲ ಅವರು.

ಊರಾಚೆಯ ಉದ್ದ ಏರಿನಲ್ಲಿ, ಹಿಂದೊಮ್ಮೆ ಅಳೆದಿದ್ದ ಹಾಗೇ, ಸಮಯ ಅಳೆದೂ ನೋಡಿದರು. ಮೇಷ್ಟ್ರು ಕಣ್ಣು ರಸ್ತೆಯ ಮೇಲಿಟ್ಟು ಓಡಿಸಿದರು, ಪಕ್ಕದಲ್ಲಿ ಕೂತ ಭಾವಮೈದುನ ಗಡಿಯಾರ ಹಿಡಿದಿದ್ದ. "ಮೊದಲಿನಷ್ಟೇ ಭಾವ. ಒಂದು ಸೆಕೆಂಡೂ ಹೆಚ್ಚುಕಮ್ಮಿ ಇಲ್ಲ" ಅಂದ. ಆಮೇಲೆ ಗಡಿಯಾರ ಜೇಬಿಗೆ ಹಾಕುತ್ತ, "ತಪ್ಪು ತಿಳ್ಕೋಬೇಡಿ. ಐವತ್ತೇಳಾಯ್ತಲ್ಲ ನಿಮಗೆ. ಕಿವಿಗೂ ವಯಸ್ಸಾಗತ್ತೆ" ಅಂದ.

ಮನೆಯಲ್ಲಿ ಊಟದ ಮೇಜಿನ ಮುಂದೆ ಕೇಳಿದರು. "ನಿಜ ಹೇಳಿ, ಗಾಡಿ ದನಿ ಬದಲಾಗಿರೋದು ನಿಮಗೆ ಕೇಳಿಸ್ತಾ ಇಲ್ವಾ?"

"ನನಗಂತೂ ಮೊದಲಿನ ಹಾಗೇ ಇದೆ" ಅಂದಳು ಹೆಂಡತಿ, ತಟ್ಟೆ ನೋಡುತ್ತ.

"ಹೂಂ ಅಪ್ಪ, ಏನೂ ಡಿಫರೆನ್ಸ್ ಇಲ್ಲ" ಅಂದಳು ಮಗಳು.

ಕಿವಿಯ ಡಾಕ್ಟರ ಹತ್ತಿರವೂ ಹೋದರು. ಡಾಕ್ಟರು ಕೀಂ ಕೀಂ ಎಂಬ ಸದ್ದುಗಳನ್ನು ಕೇಳಿಸಿ, ಗೆರೆ ಎಳೆದ ಕಾಗದ ನೋಡಿ, "ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ" ಅಂದರು. ಮೇಷ್ಟ್ರು 'ವಯಸ್ಸಿಗೆ ತಕ್ಕ ಹಾಗೆ' ಎಂಬುದನ್ನಷ್ಟೇ ಮನೆಗೆ ತಂದರು.

ಆಮೇಲಿನ ದಿನಗಳು ಅವರಿಗೆ ನರಕ. ಗಾಜಿನ ಕೋಣೆಯಲ್ಲಿ ಒಂದೇ ಬೇರಿಂಗನ್ನು ಹತ್ತು ಸಲ ತಿರುಗಿಸತೊಡಗಿದರು. ಇಲ್ಲದ ಕಾಯಿಲೆ ಎಂಜಿನ್ನಿನಲ್ಲಿ ಕೇಳಿಸುತ್ತಿದೆ ಎಂದಾದರೆ, ಇರುವ ಕಾಯಿಲೆ ಬೇರಿಂಗಿನಲ್ಲಿ ಕೇಳಿಸದೇ ಹೋದೀತು. ಆ ಬೇರಿಂಗು ಯಾವುದೋ ಲಿಫ್ಟಿಗೆ ಕೂತೀತು, ಆ ಲಿಫ್ಟಿನಲ್ಲಿ ಯಾರೋ ನಿಂತಾರು. ಅವರು ಪ್ರಾಮಾಣಿಕ ಮನುಷ್ಯ. ಆ ಪ್ರಾಮಾಣಿಕತೆಯೇ ಅವರಿಗೆ ಮುಳುವಾಯಿತು. ನಿವೃತ್ತಿಗೆ ಇನ್ನೂ ಮೂರು ವರ್ಷವಿರುವಾಗಲೇ, ಕಿವಿಯ ಮೇಲೆ ನನಗೆ ನಂಬಿಕೆ ಉಳಿದಿಲ್ಲ, ಬಿಡುಗಡೆ ಮಾಡಿ ಎಂದು ಊಟದ ಮೇಜಿನ ಮೇಲೆ ಕೂತು ರಾಜೀನಾಮೆ ಬರೆದರು. ಕನ್ನಡಕ ಹುಡುಕಿ ತಂದುಕೊಟ್ಟವಳು ಹೆಂಡತಿ. "ಒಳ್ಳೇದಾಯ್ತು ಬಿಡಿ, ಎಷ್ಟು ದಿನ ಅಂತ ದುಡೀತೀರಿ" ಎಂದು ಭುಜ ಸವರಿದಳು. ಆ ಸವರಿಕೆಗೆ ಮೇಷ್ಟ್ರ ಕಣ್ಣು ತುಂಬಿತ್ತು.

ಮ್ಯಾನೇಜರು ಒಲ್ಲೆ ಒಲ್ಲೆ ಅನ್ನುತ್ತಲೇ ಕಾಗದ ತೆಗೆದುಕೊಂಡರು. "ನಿಮ್ಮ ಕುರ್ಚಿಗೆ ಇನ್ನೊಬ್ಬರನ್ನ ಕೂರಿಸಲ್ಲ ಮೇಷ್ಟ್ರೇ, ಯಾವಾಗ ಬೇಕಾದ್ರೂ ಬನ್ನಿ" ಅಂದರು. ಮನೆಗೆ ಬಂದ ಮೇಲೆ ಮೇಷ್ಟ್ರು ಕಾರಿನ ಬಾನೆಟ್ಟು ತೆರೆಯುವುದನ್ನೂ ಬಿಟ್ಟರು. ಎಲ್ಲಿಗಾದರೂ ಹೋಗಬೇಕೆಂದರೆ ಮಗಳ ಕೈಗೆ ಬೀಗದಕೈ ಕೊಟ್ಟು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು.

ಹೀಗೆ ಎರಡು ತಿಂಗಳು ಕಳೆದ ಮೇಲೆ ಮಗಳಿಗೆ ಬೇರೆ ಊರಿನ ಆಸ್ಪತ್ರೆಯಲ್ಲಿ ಲ್ಯಾಬಿನ ಕೆಲಸ ಸಿಕ್ಕಿತು. ಹೊರಟ ದಿನವೇ ಮಧ್ಯಾಹ್ನದೊಳಗೆ ಸೇರಬೇಕಿತ್ತು. ಹೊರಡುವ ಹೊತ್ತಿಗೆ ಸೂಟ್‌ಕೇಸಿನ ಜಿಪ್ಪು ಕಿತ್ತು, ಹಗ್ಗ ಹುಡುಕಿ, ಎಲ್ಲ ಎಡವಟ್ಟಾಯಿತು. ರೈಲಿಗೆ ಇಪ್ಪತ್ತು ನಿಮಿಷ, ಸ್ಟೇಷನ್ನಿಗೆ ಅರ್ಧ ಗಂಟೆಯ ದಾರಿ. ಮಗಳು ಸ್ಟಿಯರಿಂಗ್ ಹಿಡಿದಳು, ತಾಯಿ ಪಕ್ಕದಲ್ಲಿ, ಮೇಷ್ಟ್ರು ಹಿಂದೆ ಸೂಟ್‌ಕೇಸನ್ನು ತಬ್ಬಿಕೊಂಡು.

ಹೆದ್ದಾರಿಗೆ ಬಂದಾಗ ಮಗಳು ತಾಯಿಯ ಮುಖ ನೋಡಿದಳು. ತಾಯಿ ಕಿಟಕಿಯ ಕಡೆ ತಿರುಗಿದಳು. ಮಗಳ ಎರಡು ಹೆಬ್ಬೆರಳುಗಳು ಸ್ಟಿಯರಿಂಗಿನ ಮೇಲಿನ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದದ್ದು ಮೇಷ್ಟ್ರಿಗೆ ಕಂಡಿತು. ಮೀಟರಿನ ಮೇಲೆ ಒಂದು ದೀಪ ಮಿನುಗಿ ಆರಿತು. ಅವಳು ಕಾಲು ಒತ್ತಿದಳು.

ಕಾರು ಕೂಗಿತು. ಏರಿ ಏರಿ, ಎಲ್ಲೂ ನಿಲ್ಲದೆ, ಮೇಷ್ಟ್ರು ಏಳು ತಿಂಗಳಿಂದ ಹುಡುಕುತ್ತಿದ್ದ ಅದೇ ದನಿ. ಬೆನ್ನು ಸೀಟಿಗೆ ಒತ್ತಿಕೊಂಡಿತು. ಮೊದಲ ಗಳಿಗೆಯಲ್ಲಿ ಅವರಿಗಾದದ್ದು ಬರೀ ಸಂತೋಷ, ಕುಣಿಯುವಷ್ಟು ಸಂತೋಷ. ಕಿವಿ ಕೆಟ್ಟಿಲ್ಲ! ನನ್ನ ಕಿವಿಗೆ ಏನೂ ಆಗಿಲ್ಲ! ಹೇಳಲು ಬಾಯಿ ತೆರೆದರು. ಆಗ ಮುಂದಿನ ಕನ್ನಡಿಯಲ್ಲಿ ಮಗಳ ಕಣ್ಣು ಇವರ ಕಣ್ಣಿಗೆ ಸಿಕ್ಕಿ, ತಟ್ಟನೆ ತಪ್ಪಿಸಿಕೊಂಡಿತು. ಹೆಂಡತಿಯ ಕತ್ತು ಕಿಟಕಿಯ ಕಡೆಗೇ ಇತ್ತು. ಇಬ್ಬರಿಗೂ ಆಶ್ಚರ್ಯವಾಗಿರಲಿಲ್ಲ.

ರೈಲು ಸಿಕ್ಕಿತು. ಮಗಳು ಓಡುತ್ತ ಓಡುತ್ತಲೇ ತಿರುಗಿ, "ಅಪ್ಪ, ಸಾರಿ ಅಪ್ಪ" ಅಂದು ಹತ್ತಿಕೊಂಡಳು. ಕಾರಿಗೆ ಮರಳಿ ಮೇಷ್ಟ್ರು ತಾವೇ ಮುಂದೆ ಕೂತು ಕೀಲಿ ತಿರುಗಿಸಿದರು. ಸ್ಟೇಷನ್ನಿನ ಗೇಟು ದಾಟಿ ಸ್ವಲ್ಪ ಒತ್ತಿದರು. ಮತ್ತೆ ಅದೇ ಕಟ್ಟಿದ ಉಸಿರು.

"ಆ ಗುಂಡಿ ಏನದು?"

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ತಮ್ಮ ಕಂಪ್ಯೂಟರ್ ಹಾಕಿ ಶಕ್ತಿ ಕಮ್ಮಿ ಮಾಡಿದ್ದ. ನಾನೇ ಹೇಳಿದ್ದೆ. ಅವಸರಕ್ಕೆ ಬೇಕಾದ್ರೆ ಇರ್ಲಿ ಅಂತ ಆ ಗುಂಡಿ ಇಟ್ಟ. ಮಗಳಿಗೆ ತೋರಿಸಿದ್ದ. ಗಾಡಿ ನಿಲ್ಲಿಸಿದ್ರೆ ಮತ್ತೆ ಶಕ್ತಿ ಕಮ್ಮಿ ಆಗತ್ತಂತೆ."

ಮೂವರೂ ಸೇರಿ ಕಿವಿ ಮೇಷ್ಟ್ರ ಕಿವಿ ಮೇಲೇ ಹೂ ಇಟ್ಟಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಮೇಷ್ಟ್ರಿಗೆ ಕೋಪ ಬರಲಿಲ್ಲ. ಕಾರಿನಡಿ ಮಲಗಿ ಕೈ ಚಾಚಿದಾಗೆಲ್ಲ ಸ್ಪಾನರು ಇಟ್ಟ ಆ ಕೈ ನೆನಪಾಯಿತು. ಗಡಿಯಾರ ನೋಡಿ ಸುಳ್ಳು ಓದಿದ ಬಾಯಿ ನೆನಪಾಯಿತು.

"ನಾನು ರಾಜೀನಾಮೆ ಬರೆದೆನಲ್ಲ, ಅವತ್ತಾದ್ರೂ ಹೇಳಬಹುದಿತ್ತಲ್ಲೇ."

"ಹೇಳೋಣ ಅಂತಲೇ ಇದ್ದೆ ರೀ. ಬಾಯೇ ಬರಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ..." ಅವಳು ಅಳತೊಡಗಿದಳು.

ಅಳುವವಳನ್ನು ನಂಬುವುದು ಮೇಷ್ಟ್ರಿಗೆ ರೂಢಿ. ನಂಬಿದರು. ಬಾಯಿ ಬಾರದೆ ಹೋಗುವುದು ಮನುಷ್ಯರಿಗೆ ಆಗುವಂಥದ್ದೇ ಎಂದುಕೊಂಡರು. ಕಾರನ್ನು ನೇರ ಗ್ಯಾರೇಜಿಗೆ ತಿರುಗಿಸಿದರು.

ಭಾವಮೈದುನನಿಗೆ ಇಬ್ಬರ ಮುಖ ನೋಡಿಯೇ ತಿಳಿಯಿತು. ಲ್ಯಾಪ್‌ಟಾಪು ತಂದು ಕಾರಿಗೆ ಸಿಕ್ಕಿಸಿದ. ಐದು ತಿಂಗಳ ಭಾನುವಾರಗಳಲ್ಲಿ ಆಗದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಮುಗಿಸಿ ತಂತಿ ಸುತ್ತುತ್ತ ಅವನು ನೆಲ ನೋಡಿಕೊಂಡು ಮಾತಾಡಿದ.

"ಭಾವ, ನೀವು ಕೆಲಸ ಬಿಡ್ತೀರಿ ಅಂತ ನಮಗೆ ಕನಸಲ್ಲೂ ಗೊತ್ತಿರಲಿಲ್ಲ. ನೀವು ಕಾಗದ ಬರೆದ ದಿನ ನಾನು ಹೇಳೋಕೆ ಅಂತಲೇ ಮನೆಗೆ ಬಂದಿದ್ದೆ. ಬಾಗಿಲಲ್ಲೇ ಅಕ್ಕ ತಡೆದ್ಲು. 'ಹೇಳಬೇಡ ಕಣೋ, ಕೆಲಸ ಬಿಟ್ರೆ ಆ ಹೆದ್ದಾರಿ ಸಹವಾಸವೂ ಬಿಡತ್ತೆ, ಬಿಡಲಿ' ಅಂದ್ಲು."

ಗ್ಯಾರೇಜಿನಲ್ಲಿ ಯಾವುದೋ ಚಕ್ರಕ್ಕೆ ಗಾಳಿ ತುಂಬುವ ಸದ್ದು ನಿಂತಿತು. ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು.

"ಬಾಯಿ ಬರಲಿಲ್ಲ ಅಂದೆಯಲ್ಲ."

ಈಗ ಅವಳು ಅಳುತ್ತಿರಲಿಲ್ಲ. "ದಿನಾ ಸಂಜೆ ನೀವು ಮನೆಗೆ ಬರೋವರೆಗೂ ನಾನು ಬಾಗಿಲ ಹತ್ರ ಜೀವ ಕೈಯಲ್ಲಿ ಹಿಡ್ಕೊಂಡು ನಿಂತಿರ್ತಿದ್ದೆ. ಅದು ನಿಮಗೆ ಒಂದು ದಿನವೂ ಕಾಣಲಿಲ್ಲ. ಹೌದು, ಬೇಡ ಅಂದೆ. ನಿಮ್ಮ ಕಿವಿಗಿಂತ ನೀವು ನನಗೆ ಬೇಕಾಗಿತ್ತು."

"ನಾನೇ ನಿಮ್ಮ ಜೊತೆ ಬಂದು ಮ್ಯಾನೇಜರಿಗೆ ಎಲ್ಲ ಹೇಳ್ತೀನಿ ಭಾವ" ಅಂದ ಭಾವಮೈದುನ. "ತಪ್ಪೆಲ್ಲ ನನ್ನದೇ ಅಂತೀನಿ. ನಾಳೆನೇ ಹೋಗೋಣ. ನಿಮ್ಮ ಕಿವಿ ಬಂಗಾರದ್ದು ಅಂತ ಈಗ ಗೊತ್ತಾಯ್ತಲ್ಲ."

"ಏನಂತ ಹೇಳ್ತೀಯ?" ಮೇಷ್ಟ್ರು ಮೆಲ್ಲಗೆ ಕೇಳಿದರು. "ಏಳು ತಿಂಗಳು ನನ್ನ ಮೇಜಿನ ಮುಂದೆ ಕೂತು ಮೂರು ಜನ ಸುಳ್ಳು ಹೇಳಿದ್ರಿ. ಗಾಡಿ ದನಿಯಲ್ಲಿ ಏನು ಕೆಟ್ಟಿದೆ ಅಂತ ಕೇಳ್ತಾ ಕೂತಿದ್ದೆ. ನಿಮ್ಮ ದನಿಯಲ್ಲಿ ನನಗೆ ಏನೂ ಕೇಳಿಸಲಿಲ್ಲ. ಇಂಥ ಕಿವಿ ತಗೊಂಡು ಅಲ್ಲಿ ಕೂತ್ಕೊಂಡು ಯಾವುದನ್ನ ಹೋಗಲಿ ಅನ್ನಲಿ?"

ಭಾವಮೈದುನ ಅವರ ಕೈ ಹಿಡಿಯಲು ಬಂದ. ಮೇಷ್ಟ್ರು ಕೈ ಹಿಂದಕ್ಕೆಳೆದುಕೊಂಡು ಕಾರು ಹತ್ತಿದರು. ಹೆಂಡತಿ ಪಕ್ಕದಲ್ಲಿ ಬಂದು ಕೂತಳು, ಬರಬೇಡ ಎಂದು ಅವರೂ ಅನ್ನಲಿಲ್ಲ.

ಮನೆಯವರೆಗೂ ಅವರು ಕಾರನ್ನು ಮೂವತ್ತರಲ್ಲೇ ಓಡಿಸಿದರು. ಹಿಂದಿನ ವಾಹನಗಳು ಹಾರ್ನು ಹೊಡೆದು ಹೊಡೆದು ದಾಟಿಹೋದವು. ಒಂದು ಸ್ಕೂಟರಿನವನು ಕತ್ತು ಚಾಚಿ ಬೈದು ಹೋದ. ಇಷ್ಟು ನಿಧಾನಕ್ಕೆ ಗಂಡ ಓಡಿಸಲಿ ಎಂದು ಎಷ್ಟೋ ವರ್ಷ ಬೇಡಿಕೊಂಡಿದ್ದವಳು ಈಗ ಸೀಟಿನ ಅಂಚಿಗೆ ಸರಿದು ಕೂತು, ಗಳಿಗೆಗೊಮ್ಮೆ ಅವರ ಮುಖ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಕೇಳಿದಳು.

"ಈಗ ಸರಿಯಾಯ್ತಾ ರೀ, ಗಾಡಿ ದನಿ?"

ಮೇಷ್ಟ್ರು ರಸ್ತೆ ನೋಡುತ್ತಲೇ ಇದ್ದರು. "ನನಗೆ ಗೊತ್ತಾಗಲ್ಲ" ಅಂದರು. "ನೀನೇ ಹೇಳು."